ಸಾಬರು ಕೊಟ್ಟ ಎರಿ

ಮಾಘದ ಬಿಸಿಲು ಏರುತ್ತಿತ್ತು. ಶ್ರೀನಿವಾಸಪುರದಾಚೆಯ ತೋಪಿನಲ್ಲಿ ಮಾವು ಮೈತುಂಬ ಹೂಬಿಟ್ಟಿತ್ತು. ಜೇನುನೊಣಗಳು ಕಾಲಿಗೆ ಪರಾಗ ಮೆತ್ತಿಕೊಂಡು ಬರುತ್ತಿದ್ದವು. ಕದಿರಮ್ಮ ಜೇನುಪೆಟ್ಟಿಗೆಯ ಮುಚ್ಚಳ ತೆಗೆದು ಕಿವಿಗೊಟ್ಟಳು.

ಪೀಂ... ಪೀಂ...

"ರಾಣಿ ಗೂಡೊಳಗೇ ಕೂಗ್ತಾವ್ಳೆ. ಇನ್ನೊಂದು ಗಳಿಗೇಲಿ ಆಚೆ ಬರ್ತಾಳೆ."

ಅಣ್ಣನ ಮಗಳು ನಂದಿತಾ ಬಗ್ಗಿ ನೋಡಿದಳು. ಅವಳು ಕೋಲಾರದ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಡಂ.

ಹದಿನೈದು ದಿನದ ಹಿಂದೆ ಈ ಪೆಟ್ಟಿಗೆಯ ರಾಣಿ ಸತ್ತಾಗ, ಪಕ್ಕದ ತೋಪಿನ ಇಮಾಮ್ ಸಾಬ್ ಹೊಸ ಮೊಟ್ಟೆಗಳಿದ್ದ ಮೇಣದ ಹಟ್ಟಿನ ಎರಿಯೊಂದನ್ನು ಕೊಟ್ಟಿದ್ದರು. ತಮಗೆ ಬೇಕಾದಾಗ ಒಂದು ರಾಣಿ ಕೊಡಬೇಕೆಂಬ ಮಾತಿನ ಮೇಲೆ. ಹೊಸ ರಾಣಿ ಬೆಳೆಸಲು ನೊಣಗಳು ಅದರಲ್ಲಿ ಎರಡು ರಾಣಿಗೂಡು ಕಟ್ಟಿದ್ದವು. ಒಂದು ಕಡಲೆಕಾಯಿಯಷ್ಟು ಉದ್ದ, ಇನ್ನೊಂದು ಮೊಂಡು.

ಅಷ್ಟರಲ್ಲಿ ಇಮಾಮ್ ಸಾಬರೇ ಬೇಲಿ ದಾಟಿ ಬಂದರು. "ಅಕ್ಕಾ, ನಮ್ಮ ರಾಣೀನೂ ಹೋಯ್ತು. ಹತ್ತು ದಿನದಿಂದ ಒಂದು ಮೊಟ್ಟೇನೂ ಇಕ್ಕಿರ್ಲಿಲ್ಲ."

ಕದಿರಮ್ಮ ಎರಡೂ ಗೂಡುಗಳತ್ತ ನೋಡಿದಳು. ಕೂಗು ಉದ್ದ ಗೂಡಿನದು. ಮೊಂಡು ಗೂಡು ಸದ್ದಿಲ್ಲದೆ ತೂಗುತ್ತಿತ್ತು. ಎರಡನ್ನೂ ಬಿಟ್ಟರೆ ಮೊದಲು ಬಂದವಳು ಇನ್ನೊಬ್ಬಳನ್ನು ಚುಚ್ಚಿ ಕೊಲ್ಲುತ್ತಾಳೆ. ಒಂದನ್ನು ಕೊಯ್ದು ಸಾಬರಿಗೆ ಕೊಡಬೇಕು. ಆದರೆ ಯಾರ ಪಾಲಿಗೆ ಬಂದ ಗೂಡು ಜೊಳ್ಳಾದರೂ ಮತ್ತೆ ರಾಣಿ ಬೆಳೆಸಲು ಇಬ್ಬರ ಬಳಿಯೂ ಎಳೆಯ ಮರಿಯಿಲ್ಲ, ಪೆಟ್ಟಿಗೆಯೇ ಹಾಳು.

"ಮೊಂಡಕ್ಕೆ ಆಳುನೊಣದ ಮೊಟ್ಟೆ ಬಿತ್ತೇನೇ ನಂದೂ?"

"ಆಳಾಗ್ಲಿ ರಾಣಿಯಾಗ್ಲಿ, ಮೊಟ್ಟೆ ಒಂದೇ ಥರ ಅತ್ತೆ. ಒಳಗೆ ವಂಶವಾಹಿ ದಾರ ಹಿಸ್ಟೋನ್ ಅನ್ನೋ ಉಂಡೆಗಳಿಗೆ ಸುತ್ಕೊಂಡಿರತ್ತೆ, ರಾಟೆಗೆ ರೇಷ್ಮೆ ಸುತ್ತಿದ ಹಾಗೆ. ಸುತ್ತು ಸಡಿಲ ಮಾಡೋಕೆ ಕೆಲವು ಕಿಣ್ವ, ಬಿಗಿ ಮಾಡೋಕೆ ಕೆಲವು. ರಾಣಿಮರಿಗೆ ತಿನ್ನಿಸೋ ಬಿಳೀ ರಸ ಬಿಗಿ ಮಾಡೋ ಕಿಣ್ವದ ಕೈ ಕಟ್ಟತ್ತೆ. ಮುಚ್ಚಿದ್ದ ವಂಶವಾಹಿ ಬಿಚ್ಕೊಂಡು ಕೆಲಸ ಶುರುಮಾಡತ್ತೆ. ಇಬ್ರೂ ಅದನ್ನೇ ಹೊಟ್ಟೆತುಂಬ ತಿಂದಿದ್ರೆ ಇಬ್ರೂ ರಾಣೀನೇ."

"ತಿಂದಿದ್ರೆ," ಎಂದಳು ಕದಿರಮ್ಮ.

ಪೀಂ. ಉದ್ದ ಗೂಡಿನ ತುದಿ ಕಂದುಬಣ್ಣಕ್ಕೆ ತಿರುಗಿ ತೆಳುವಾಗಿತ್ತು, ರಾಣಿ ಹೊರಬರುವ ಗುರುತು.

"ಮೊಂಡಾನೇ ಕೊಡಕ್ಕಾ, ನಸೀಬು ನೋಡ್ತೀನಿ."

"ಸುಮ್ಕಿರಿ ಸಾಬ್ರೇ. ಮೊಟ್ಟೆ ಆರಿಸಿ ಕೊಟ್ರಿ ನೀವು. ಜೊಳ್ಳು ಆರಿಸಿ ಕೊಡ್ಲಾ ನಾನು?"

ಕದಿರಮ್ಮ ಚಾಕು ಎತ್ತಿಕೊಂಡು, ಉದ್ದ ಗೂಡನ್ನು ಎರಿಯ ಚೂರಿನ ಸಮೇತ ಕೊಯ್ದಳು. ಇಮಾಮ್ ಸಾಬ್ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು, ತಲೆಯಾಡಿಸಿ, ಓಡುನಡಿಗೆಯಲ್ಲಿ ಹೋದರು.

ಕದಿರಮ್ಮ ಮೊಂಡು ಗೂಡಿನತ್ತ ಬಗ್ಗಿದಳು. ನಾಲ್ಕಾರು ನೊಣಗಳು ಅದನ್ನು ತಬ್ಬಿಕೊಂಡಿದ್ದವು.

"ಇದಕ್ಕೂ ಆ ರಸ ಸಾಕಷ್ಟು ತಿನ್ಸಿರ್ತಾವಾ ನಂದೂ?"

ನಂದಿತಾ ಮುಚ್ಚಳವನ್ನು ಎತ್ತಿ ಅತ್ತೆಯ ಕೈಗಿಟ್ಟಳು.

ಕದಿರಮ್ಮ ಮುಚ್ಚಳ ಹಾಕಿ, ಹಲಗೆಗೆ ಕಿವಿಯೊತ್ತಿ ಕೂತಳು. ಸಾಬರ ಋಣ ತೀರಿತ್ತು. ಪೆಟ್ಟಿಗೆ ಮಾತ್ರ ಇನ್ನೂ ಬಾಯಿಬಿಟ್ಟಿರಲಿಲ್ಲ.