ದುಂಡಗೆ ಕೂತವರು

"ಲೇ ಮುಂಡೇವಾ, ಸಾಲಾಗಿ ಅಲ್ಲ, ದುಂಡಗೆ ಕೂತ್ಕೊಳ್ಳಿ. ದನಗಳಿಗಾದ್ರೂ ಇಷ್ಟೊತ್ತಿಗೆ ಗೊತ್ತಾಗ್ತಿತ್ತು."

ಮೇಸ್ತ್ರಿ ಬೈಯುತ್ತಲೇ ಇದ್ದ. ಲಾಂಡ್ರಿಯ ಒದ್ದೆ ನೆಲದ ಮೇಲೆ ಕೆಲಸದವರೆಲ್ಲ ಮುದುಡಿ ಕೂತರು. ನಡುವೆ ಕುರ್ಚಿ ಹಾಕಿಸಿಕೊಂಡಿದ್ದ ತರಬೇತಿಯ ಸಾಹೇಬ ನಕ್ಕ. ನಾಯಕತ್ವದಲ್ಲಿ ಬಗೆಬಗೆ ಇವೆಯಂತೆ. ಅಪ್ಪಣೆ ಮಾಡುವುದು ಹಳೆಯ ಬಗೆ. ಎಲ್ಲರನ್ನೂ ಕೇಳಿ ತೀರ್ಮಾನಿಸುವುದು ಹೊಸದು. ದುಂಡಗೆ ಕೂತರೆ ಮೇಲು ಕೀಳು ಇರುವುದಿಲ್ಲವಂತೆ.

"ಇವತ್ತಿಂದ ನಿಮಗೆ ನೀವೇ ನಾಯಕರು. ಕಂಪನಿ ಒಬ್ಬರನ್ನ ಕಡಿಮೆ ಮಾಡ್ಬೇಕು. ಯಾರನ್ನ ಅಂತ ನಾವು ಹೇಳಲ್ಲ, ನೀವೇ ಹೇಳ್ತೀರಿ."

ಕಣ್ಣುಗಳೆಲ್ಲ ಒಂದೇ ಕಡೆ ಹೊರಳಿ, ನಾಚಿ ನೆಲ ನೋಡಿದವು. ಅಲ್ಲಿ ಕೂತಿದ್ದವರು ವಾರಗಿತ್ತಿಯರಿಬ್ಬರು. ಕಿರಿಯವಳೂ ಅವಳು ಅಕ್ಕ ಎನ್ನುವ ಹಿರಿಯವಳೂ ಕೆಲಸದಲ್ಲಿ ಒಂದು ಜೋಡಿ. ಬೆಡ್‌ಶೀಟಿನ ಎರಡೆರಡು ಮೂಲೆ ಹಿಡಿದು, ಎದುರುಬದುರು ನಡೆದು ಬಂದು ಮಡಚುವವರು. ಹಬೆಯ ಯಂತ್ರಕ್ಕೆ ಸಿಕ್ಕಿ ಅಕ್ಕನ ಬಲಗೈ ಬೆಂದ ಮೇಲೆ ಆ ಜೋಡಿಯ ರಾಶಿ ಕರಗುತ್ತಿರಲಿಲ್ಲ.

"ಜೊತೆಗಾರ್ತಿ ನೀನಲ್ವೇನೇ, ನೀನೇ ಬೊಗಳು," ಎಂದ ಮೇಸ್ತ್ರಿ ಕಿರಿಯವಳಿಗೆ. "ಬಾಯಿಗೆ ಬೀಗ ಹಾಕ್ಕೊಂಡ್ರೆ ಜೋಡೀನೇ ಮನೆಗೆ."

"ಛೆ, ಹಾಗನ್ನಬಾರ್ದು," ಸಾಹೇಬ ಮೆಲ್ಲಗೆ ತಿದ್ದಿದ. "ಒತ್ತಾಯ ಏನಿಲ್ಲಮ್ಮ. ಆದ್ರೆ ನೀವು ಹೇಳ್ದಿದ್ರೆ ಜೋಡಿನೇ ಹೋಗ್ಬೇಕಾಗುತ್ತೆ."

ಒಂದೇ ಮನೆ, ಒಂದೇ ಒಲೆ. ಅವರ ಗಂಡಂದಿರಾದ ಅಣ್ಣತಮ್ಮಂದಿರಿಬ್ಬರಿಗೂ ಕೆಲಸವಿಲ್ಲ.

"ಯಾರನ್ನ ಬೇಕಾದ್ರೂ ಹೇಳ್ಬೋದಾ ಸಾರ್?" ಎಂದಳು ಕಿರಿಯವಳು.

"ಖಂಡಿತ."

"ಹಂಗಾದ್ರೆ ಮೇಸ್ತ್ರಿನ ತೆಗೀರಿ. ನಾವೇ ನಾಯಕರಾದ್ಮೇಲೆ ಇವ್ರಿಗೇನು ಕೆಲಸ?"

ಯಾರೋ ಕಿಸಕ್ಕನೆ ನಕ್ಕು, ಅದನ್ನು ಕೆಮ್ಮಾಗಿಸಿದರು. ಸಾಹೇಬನೂ ನಕ್ಕ. "ಒಳ್ಳೇ ಪ್ರಶ್ನೆ. ಆದ್ರೆ ಅವರು ನಿಮ್ಮ ಜೊತೆ ದುಂಡಗೆ ಕೂತಿಲ್ವಲ್ಲ."

ಮೇಸ್ತ್ರಿ ಗೋಡೆಗೊರಗಿ ಕಡ್ಡಿಯಿಂದ ಹಲ್ಲು ಕೆದಕುತ್ತಿದ್ದ.

ಯಂತ್ರಗಳು ನಿಂತಿದ್ದವು. ಎಲ್ಲಿಯೋ ಕೊಳಾಯಿ ಸೋರುವುದು ಕೇಳುತ್ತಿತ್ತು. ಕಿರಿಯವಳು ಬಾಯಿ ತೆರೆದಳು. ಏನು ಹೇಳಲಿದ್ದಳೋ ಅವಳಿಗೇ ತಿಳಿಯದು. ಅಷ್ಟರಲ್ಲಿ ಪಕ್ಕದಲ್ಲಿ ಬಟ್ಟೆ ಸುತ್ತಿದ ಕೈ ಮೇಲೆದ್ದಿತು.

"ನನ್ನನ್ನೇ ತೆಗೀರಿ ಸಾರ್. ಇವಳ ಬಾಯಲ್ಲಿ ಅನ್ನಿಸ್ಬೇಡಿ."

"ನೋಡಿದ್ರಾ? ಇದು ನಾಯಕತ್ವ ಅಂದ್ರೆ," ಎಂದು ಸಾಹೇಬ ಎದ್ದು ಚಪ್ಪಾಳೆ ತಟ್ಟಿದ. ಅವನ ಕಣ್ಣು ನಿಜಕ್ಕೂ ತೇವವಾಗಿತ್ತು. ಮೇಸ್ತ್ರಿ ಒಬ್ಬೊಬ್ಬರನ್ನೇ ದುರುಗುಟ್ಟುತ್ತ ಸುತ್ತು ಬಂದ. ಅವನು ಬಂದಲ್ಲೆಲ್ಲ ಚಪ್ಪಾಳೆ ಹುಟ್ಟಿತು. ಕಿರಿಯವಳು ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡಳು.

"ಏನೇ, ನಿನ್ನ ಕೈಯೂ ಬೆಂದೋಯ್ತಾ?" ಮೇಸ್ತ್ರಿ ಅವಳ ಮುಂದೆ ನಿಂತ.

ಅವಳು ಕದಲಲಿಲ್ಲ.

"ತಟ್ಟೇ ತಾಯಿ, ನಿನ್ನ ಕೆಲಸನಾದ್ರೂ ಉಳೀಲಿ," ಎಂದು ಅಕ್ಕ ಪಿಸುಗುಟ್ಟಿದಳು. ಮೇಸ್ತ್ರಿಯ ಮುಖವನ್ನೇ ನೋಡುತ್ತ, ಚಪ್ಪಾಳೆಗೆ ಬಲಗೈ ಬಾರದೆ ಎಡಗೈಯಿಂದ ತನ್ನ ಮೊಣಕಾಲನ್ನು ಪಟಪಟನೆ ಬಡಿಯುತ್ತಿದ್ದಳು.