ಚಷ್ಮಾದೊಳಗೆ ಕೂತವರು

ನಮ್ಮವರಲ್ಲಿ ಎರಡನೆಯ ಮದುವೆಗೆ ಮನೆಗೆ ಬಂದು ಹೆಣ್ಣು ನೋಡುವುದಿಲ್ಲ. ಸ್ಟೇಶನ್ನು, ಸಂತೆ, ದವಾಖಾನೆ, ಹೀಗೆ ನಾಲ್ಕು ಜನ ಓಡಾಡುವ ಕಡೆ ಎರಡೂ ಕಡೆಯವರು ಅಕಸ್ಮಾತ್ ಎದುರಾದಂತೆ ಎದುರಾಗುತ್ತಾರೆ. ಸ್ವಲ್ಪ ಮಾತಾಡಿ ತಮ್ಮ ತಮ್ಮ ಹಾದಿ ಹಿಡಿಯುತ್ತಾರೆ. ಕೂಡಿ ಬರದಿದ್ದರೆ ಯಾರೂ ಯಾರನ್ನೂ ನೋಡಿರಲೇ ಇಲ್ಲ. ನನ್ನ ಮಾವಶಿ ಶಾಲುಬಾಯಿ, ಅಂದರೆ ಅವ್ವನ ತಂಗಿ, ಭಾಲ್ಕಿಯಲ್ಲಿ ಸ್ಟೇಶನ್ನಿನ ಹತ್ತಿರವೇ ಇರುವುದರಿಂದ ಇಂಥ ಭೇಟಿಗಳನ್ನು ಹಿಂದೆಯೂ ಮಾಡಿಸಿದ್ದಳು.

ನನ್ನ ಗಂಡ ಮಿಲಿಂದ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಬೀದರಿನ ನೌಬಾದದಲ್ಲಿ ನಾನೂ ಅತ್ತೆ ಅನುಸೂಯಾಬಾಯಿಯವರೂ ಇರುತ್ತೇವೆ. ನಾನು ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೇನೆ. ಮಾವಶಿ ಔರಾದದ ಮಾಸ್ತರರ ವಿಷಯ ತೆಗೆದಾಗ ನಾನು ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಒಂದೇ ಮಾತು ಹೇಳಿದೆ.

"ಅತ್ತಿಗಿ ನಾನೇ ಹೇಳ್ತೀನಿ. ನಾ ಹೇಳೋತನಕ ಯಾರಿಗೂ ಗೊತ್ತಾಗಬಾರದು."

"ನನ್ನ ಬಾಯಿಂದ ಯಾವಾಗರೆ ಒಂದು ಮಾತು ಹೊರಗ ಬಿದ್ದದೇನವ್ವ?" ಎಂದಳು.

ಬೇಕಾದಷ್ಟು ಬಿದ್ದಿದ್ದವು. ಆದರೂ ನಂಬಿದೆ.

ಹೈದರಾಬಾದಿನ ಆಸ್ಪತ್ರೆಯಿಂದ ಮಿಲಿಂದನನ್ನು ತರುವಾಗ ಆಂಬುಲೆನ್ಸಿನಲ್ಲಿ ನಾನಿದ್ದೆ. ಮನೆಗೆ ಹೋಗಿ, ಅತ್ತೆಯ ಪಕ್ಕದಲ್ಲಿ ಕೂತು ಹೇಳಬೇಕು ಎಂದುಕೊಂಡಿದ್ದೆ. ನಾವು ಜಹೀರಾಬಾದ ದಾಟುವುದರೊಳಗೆ ಯಾರೋ ಮಿಲಿಂದನ ಫೋಟೋಕ್ಕೆ ಹಾರ ಹಾಕಿ ಸ್ಟೇಟಸ್ ಇಟ್ಟಿದ್ದರು. ಅತ್ತೆ ಮಗನ ಸಾವನ್ನು ಫೋನಿನಲ್ಲಿ ನೋಡಿ ತಿಳಿದುಕೊಂಡರು. ಅದರ ಬಗ್ಗೆ ನನಗೆ ಅವರು ಏನೂ ಅಂದಿಲ್ಲ. ನನ್ನ ವಿಷಯವಾದರೂ ಅವರಿಗೆ ನನ್ನ ಬಾಯಿಂದ ತಿಳಿಯಬೇಕಾಗಿತ್ತು.

ಐತವಾರ ಮುಂಜಾನೆ, ಮಾವಶಿಯನ್ನು ನೋಡಿ ಬರುತ್ತೇನೆಂದು ಅತ್ತೆಗೆ ಹೇಳಿ ಭಾಲ್ಕಿಗೆ ಹೋದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನಾನು, ಮಾವಶಿ ಕೂತಿದ್ದೆವು. ಅಶ್ವಜಿತ ಬಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಮೊದಲ ಮದುವೆ ಕೋರ್ಟಿನಲ್ಲಿ ಮುರಿದಿತ್ತು. ಇಸ್ತ್ರಿ ಮಾಡಿದ ಅಂಗಿ, ದಪ್ಪ ಕಪ್ಪು ಫ್ರೇಮಿನ ಚಷ್ಮಾ.

"ಜೈ ಭೀಮ್ ರೀ," ಎಂದರು.

"ಅರೆ, ಮಾಸ್ತರ! ನೀವಿಲ್ಲಿ ಹ್ಯಾಂಗ?" ಎಂದು ಮಾವಶಿ ವಾಡಿಕೆಯಂತೆ ಆಶ್ಚರ್ಯಪಟ್ಟಳು.

ಅವರು ಎದುರಿನ ಬೆಂಚಿನಲ್ಲಿ ಕೂತರು. ಏನಾದರೂ ಕೇಳುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ನಾಚಿಕೆ ಸ್ವಭಾವ ಎಂದುಕೊಂಡೆ.

"ಮುಂಜಾನಿ ಎಷ್ಟಕ್ಕ ಏಳ್ತೀರಿ?"

ಹೇಳಿದೆ.

"ಖಾರ ಹ್ಯಾಂಗ ತಿಂತೀರಿ?"

ಹೇಳಿದೆ. ಅವರು ಮತ್ತೆ ಸುಮ್ಮನಾದರು.

"ನೆಲದ ಮ್ಯಾಲ ಕೂತು ಏಳ್ಲಿಕ್ಕ ತ್ರಾಸ ಏನರೆ ಅದನ್ರಿ?"

"ಯಾಕ್ರಿ ಮಾಸ್ತರ, ನಿಮ್ಮ ಮನ್ಯಾಗ ಕುರ್ಚಿ ಇಲ್ಲೇನು?" ಎಂದಳು ಮಾವಶಿ.

ಅವರು ನಕ್ಕರು, ಆದರೆ ತಲೆ ಅಲ್ಲಾಡಿಸಲಿಲ್ಲ. ಬಂದಾಗಿನಿಂದ ಮುಖವನ್ನು ನನ್ನ ಕಡೆಗೇ ನೆಟ್ಟು ಕೂತಿದ್ದರು. ಗಾಡಿ ಬಂದು ಹೋಯಿತು, ಆ ಕಡೆ ತಿರುಗಲಿಲ್ಲ. ಚಷ್ಮಾದ ಮೂಲೆಯಲ್ಲಿ ಸಾಸಿವೆಯಷ್ಟು ಬಿಳಿ ಬೆಳಕಿತ್ತು. ಬಿಸಿಲಿಗೆ ಹೊಳೆಯುತ್ತಿದೆ ಎಂದುಕೊಂಡೆ.

"ಜರಾ ಆ ನೀರಿನ ನಳದ ತನಕ ಹೋಗಿ ಬರೋಣೇನ್ರಿ?" ಎಂದರು.

ಹೋದೆವು. ಅವರು ನನ್ನ ಜೊತೆಗೆ ನಡೆಯಲಿಲ್ಲ, ಹಿಂದೆ ನಡೆದರು. ವಾಪಸು ಬಂದು ಕೂತಾಗ ಮಾವಶಿ ಅವರನ್ನೇ ದಿಟ್ಟಿಸಿ ನೋಡಿದಳು.

"ಮಾಸ್ತರ, ಕುತ್ತಿಗಿ ಹಿಡದದೇನ್ರಿ? ಎಣ್ಣಿ ತಿಕ್ಕಿಸ್ಕೋರಿ. ಆಧಾರ್ ಕಾರ್ಡಿನ ಫೋಟೋಕ್ಕ ಕೂತವರ ಗತೆ ಕೂತೀರಿ."

ನನಗೆ ನಗು ಬಂತು. ಅದೇ ಹೊತ್ತಿಗೆ ಅವರು, "ಅದನ್ನ ಹ್ಯಾಂಗ ಕೇಳ್ಲೇವ್ವ?" ಎಂದರು.

ನಾನಾಗಲಿ ಮಾವಶಿಯಾಗಲಿ ಏನೂ ಹೇಳಿರಲಿಲ್ಲ.

"ಯಾರ ಜೋಡಿ ಮಾತಾಡಲತ್ತೀರಿ?" ಎಂದೆ.

ಅವರು ಚಷ್ಮಾ ತೆಗೆದು ಬೆಂಚಿನ ಮೇಲಿಟ್ಟರು. ಕಣ್ಣು ಸಣ್ಣವಾದವು. ಚಷ್ಮಾದಿಂದ ತೆಳ್ಳಗಿನ ದನಿಯೊಂದು ಬಂತು. "ಅಶ್ವಾ, ಏನಾಯ್ತೋ? ಬರೇ ತಗಡು ಕಾಣಲತ್ತದ." ಪ್ಲಾಟ್‌ಫಾರ್ಮಿನ ಮೇಲೆ ತಗಡಿನ ಚಾವಣಿಯಿತ್ತು.

"ನಮ್ಮವ್ವ ರೀ," ಎಂದು ಅದನ್ನು ಒತ್ತಿ ಬಂದ್ ಮಾಡಿದರು. ಹೈದರಾಬಾದಿನ ಗೆಳೆಯ ಕೊಡಿಸಿದ ಚಷ್ಮಾ. ಅದರಲ್ಲಿ ಕ್ಯಾಮೆರಾ ಇದೆ, ಕಿವಿಯ ಹತ್ತಿರ ಸ್ಪೀಕರ್ ಇದೆ. ತಮ್ಮ ನಂಬರಿನ ಗ್ಲಾಸು ಹಾಕಿಸಿಕೊಂಡಿದ್ದಾರೆ. ವಿಡಿಯೋ ಕಾಲ್ ಮಾಡಿದರೆ ತಾವು ನೋಡಿದ್ದೆಲ್ಲ ಆ ಕಡೆಯವರಿಗೆ ಕಾಣುತ್ತದೆ. ಇಷ್ಟನ್ನೂ ಪಾಠ ಹೇಳಿದಂತೆ ಹೇಳಿದರು.

"ಅವ್ವಗ ಸೊಂಟದ ಚಪ್ಪಿ ಆಪರೇಶನ್ ಆಗ್ಯದ್ರಿ. ಗಾಡ್ಯಾಗ ಕೂಡ್ಲಿಕ್ಕ ಆಗಲ್ಲ. ಹುಡುಗಿನ್ನ ನಾ ನೋಡದೆ ಹೂಂ ಅನ್ನಲ್ಲ ಅಂದ್ಲು. ಅದಕ್ಕ..."

"ಈಗೇನು ಕೇಳಂದ್ರು?"

"ಜಡಿ ರೀ. ತಿರುಗಂತ ಹೇಳು, ಖರೇ ಕೂದಲಾ ಅದಾವೇನು ನೋಡ್ತೀನಿ ಅಂತ."

"ಬಾಲ ಅದನೋ ಇಲ್ಲೋ ಅದನ್ನೂ ನೋಡ್ತಾಳೇನು ಕೇಳ್ರಿ!" ಎಂದು ಮಾವಶಿ ಎದ್ದು ನಿಂತಳು.

"ಸಿಟ್ಟಾಗಬ್ಯಾಡ್ರಿ. ಇದು ಸ್ಟೇಶನ್. ಇಲ್ಲಿ ಎಲ್ಲರೂ ನೋಡೇ ನೋಡ್ತಾರ. ನಮ್ಮವ್ವ ನೋಡಿದ್ರ ಏನು ಅಂತ ತಿಳಕೊಂಡೆ."

"ನಿಮ್ಮವ್ವ ಒಬ್ಬರೇ ಇದ್ರೇನು?" ಎಂದೆ.

"ವಿಜಯಶ್ರೀ ಇದ್ಲು, ನನ್ನ ತಂಗಿ."

"ಮತ್ತ?"

"ಬಾಜೂ ಮನಿಯವರು ಇಬ್ಬರು."

ಅವರ ಫೋನು ಕುಂಯ್‌ಗುಟ್ಟಿತು. ತೆಗೆದು ಕಣ್ಣಿನ ಹತ್ತಿರ ಹಿಡಿದು ಓದಿದರು. ಓದಿ ನನ್ನ ಕಡೆ ನೋಡಲಿಲ್ಲ. ನಾನು ಕೈ ಚಾಚಿದೆ. ಕೊಟ್ಟರು. ವಿಜಯಶ್ರೀ ನನ್ನ ಫೋಟೋ ತೆಗೆದು ಬಳಗದವರ ಗ್ರೂಪಿಗೆ ಹಾಕಿದ್ದಳು. ಕೆಳಗೆ, ನಾನು ಆಗಲೇ ಅಣ್ಣನ ಹೆಂಡತಿಯಾದಂತೆ, ವೈನಿ ಹ್ಯಾಂಗದಾಳ ಎಂದು ಕೇಳಿದ್ದಳು. ಫೋಟೋದಲ್ಲಿ ನಾನು ನಗುತ್ತಿದ್ದೆ. ಆಗಲೇ ಹೂವಿನ ಚಿತ್ರಗಳು, ಕೈಮುಗಿದ ಚಿತ್ರಗಳು ಬಂದಿದ್ದವು.

"ನೌಬಾದದವರು ಯಾರರೆ ಅದಾರೇನು ಇದ್ರಾಗ?"

"ನರಸಿಂಗ ಕಾಕಾ ಅದಾರ."

ನರಸಿಂಗ ಇರುವುದು ನಮ್ಮ ಹಿಂದಿನ ಓಣಿಯಲ್ಲಿ. ಅವರ ಹೆಂಡತಿ ದಿನಾ ಮಧ್ಯಾಹ್ನ ನಮ್ಮ ಅತ್ತೆಯ ಹತ್ತಿರ ಬಂದು ಕೂಡುತ್ತಾರೆ.

ಅಶ್ವಜಿತ ತಂಗಿಗೆ ಫೋನು ಮಾಡಿ ಬೈದರು. ಫೋಟೋ ಗ್ರೂಪಿನಿಂದ ಹೋಯಿತು. ನಾನು ಅತ್ತೆಗೆ ಫೋನು ಹಚ್ಚಿದೆ. ಅವರು ಬೇರೆ ಯಾರೊಂದಿಗೋ ಮಾತಾಡುತ್ತಿದ್ದರು.

"ನನ್ನ ಗಾಡಿ ಮ್ಯಾಲ ಬಿಡ್ತೀನ್ರಿ. ಬಸ್ಸಿಗಿಂತ ಲಗೂ ಮುಟ್ತೀರಿ," ಎಂದರು ಅಶ್ವಜಿತ.

"ಬ್ಯಾಡ್ರಿ. ಅದರದೊಂದು ಫೋಟೋ ಬ್ಯಾರೆ ಬರ್ತದ."

ಮಾವಶಿ ಬಸ್ ಸ್ಟ್ಯಾಂಡಿನ ತನಕ ಬಂದಳು. ದಾರಿಯುದ್ದಕ್ಕೂ, "ನಾ ಯಾರಿಗೂ ಹೇಳಿಲ್ಲ ನೋಡು, ಖರೇ ಹೇಳ್ತೀನಿ," ಎನ್ನುತ್ತಿದ್ದಳು. ಈ ಸಲ ಅದು ನಿಜವಾಗಿತ್ತು.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಧಾನವಾಗಿ ಹೋಯಿತು. ಮತ್ತೆ ಫೋನು ಹಚ್ಚಿದೆ. ಈಗ ರಿಂಗಾಯಿತು, ಅತ್ತೆ ಎತ್ತಲಿಲ್ಲ. ಬಸ್ಸಿನಲ್ಲಿ ಚಷ್ಮಾ ಹಾಕಿಕೊಂಡವರನ್ನೆಲ್ಲ ನೋಡುತ್ತ ಕೂತೆ. ಫ್ರೇಮಿನ ಮೂಲೆಗಳನ್ನು ನೋಡುತ್ತಿದ್ದೆ. ಎದುರಿನ ಸೀಟಿನ ಮುದುಕರೊಬ್ಬರು, "ಏನವ್ವ, ನನ್ನ ಗುರುತದೇನು?" ಎಂದು ಕೇಳಿದರು. ಇಲ್ಲ ಎಂದೆ.

ನೌಬಾದದಲ್ಲಿ ಇಳಿದು ಮನೆಗೆ ಬಂದೆ. ಅತ್ತೆ ನಡುಮನೆಯಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದರು. ಫೋನು ದೂರ ಕಿಟಕಿಯಲ್ಲಿತ್ತು.

"ಬಂದ್ಯಾ," ಎಂದರು.

"ಹೂಂ."

"ನರಸಿಂಗನ ಹೆಂಡ್ತಿ ಫೋಟೋ ತೋರಿಸಿ ಹೋದ್ಲು. ಚಲೋ ಆಯ್ತು, ನಿಮ್ಮ ಮ್ಯಾಲಿನ ಭಾರ ಇಳೀತು ಅಂದ್ಲು. ನನ್ನ ಮ್ಯಾಲ ಏನು ಭಾರ ಇತ್ತೋ ಆಕಿಗೇ ಗೊತ್ತು."

ನಾನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತಿದ್ದೆ.

"ನಗಲತ್ತಿದ್ದಿ ಫೋಟೋದಾಗ."

"ಮಾವಶಿ ಏನೋ ಅಂದ್ಲಂತ ನಗು ಬಂತ್ರಿ. ಅತ್ತಿ, ನಾನೇ ಹೇಳಬೇಕಂತಿದ್ದೆ."

ಅತ್ತೆ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹಂಗಾದ್ರ ಹೇಳು," ಎಂದರು. "ನಾ ಏನೂ ನೋಡಿಲ್ಲ ಅಂತ ತಿಳಕೊ. ಮೊದಲಿಂದ ಹೇಳು."

ಎದುರು ಕೂತು, ನಾನೂ ಕಾಯಿ ಸುಲಿಯುತ್ತ ಹೇಳಿದೆ. ಅವರು ಗೊತ್ತಿಲ್ಲದವರಂತೆ ಕೇಳಿದರು. ಯಾವ ಊರು, ಯಾವ ಸಾಲಿ, ಎಷ್ಟು ಎತ್ತರ. ನಳದ ತನಕ ನಡೆದ ಭಾಗ ಬಂದಾಗ ಅವರ ಕೈ ನಿಂತಿತು.

"ನಡಸಿ ನೋಡಿದ್ರಾ?"

"ಹೂಂ."

"ಭಾಲ್ಕಿ ಸ್ಟೇಶನ್ದಾಗ ಎತ್ತಿನ ಸಂತಿ ನಡದದೇನು?"

ನಾನು ಇನ್ನೊಂದು ಕಾಯಿ ಎತ್ತಿಕೊಂಡೆ.

"ನನ್ನ ಕರದಿದ್ರ ನಾನೂ ಬರ್ತಿದ್ದೆ. ಶಾಲುಬಾಯಿ ಹತ್ತರದಾಕಿ ಆದ್ಲು, ನಾ ದೂರದಾಕಿ ಆದೆ."

"ಹೇಳ್ಲಿಕ್ಕ ಏನರೆ ಅದನೋ ಇಲ್ಲೋ ನನಗೇ ಗೊತ್ತಿರ್ಲಿಲ್ರಿ."

ಅತ್ತೆ ಬೀಜಗಳನ್ನು ಒಂದು ಕಡೆ ಸರಿಸಿದರು. "ಬರೋ ಐತವಾರ ಔರಾದಕ್ಕ ಹೋಗೋಣು," ಎಂದರು.

"ಯಾಕ್ರಿ? ನಾ ಹೂಂ ಅಂದಿಲ್ಲ."

"ನಿನ್ನ ಹೂಂ ಯಾರು ಕೇಳಿದ್ರು? ಆ ಫೋಟೋ ಅಳಸಬೇಕು. ನನ್ನ ಕಣ್ಣ ಮುಂದ."

ಐತವಾರ ಹೋದೆವು. ಔರಾದದಲ್ಲಿ ಅಶ್ವಜಿತರ ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ. ನಾವು ಬರುವುದು ತಿಳಿದು ವಿಜಯಶ್ರೀ ಬಾಜೂ ಮನೆಯವರನ್ನೂ ಕರೆಸಿದ್ದಳು. ಅತ್ತೆ ಚಾಪೆಯ ಮೇಲೆ ಕೂತು ಒಬ್ಬೊಬ್ಬರ ಫೋನನ್ನೂ ಕೇಳಿದರು.

"ಡಿಲೀಟ್ ಮಾಡೀನ್ರಿ," ಎಂದಳು ವಿಜಯಶ್ರೀ.

"ತೋರಿಸು."

ಅತ್ತೆಗೆ ಓದಲು ಬರುವುದಿಲ್ಲ. ಕಸದ ಬುಟ್ಟಿಯ ಚಿತ್ರ ಗುರುತಿದೆ. "ಬುಟ್ಟ್ಯಾಗಿಂದೂ ತಗಿ," ಎಂದರು. ತೆಗೆದರು. ಬಾಜೂ ಮನೆಯವಳೊಬ್ಬಳ ಫೋನಿನಲ್ಲಿ ಫೋಟೋ ಎರಡು ಕಡೆ ಇತ್ತು. ಆಕೆ, "ತಾನೇ ಬಂದು ಕೂತದ್ರಿ, ನನಗ ಗೊತ್ತೇ ಇಲ್ಲ," ಎಂದಳು. ಬೇರೆ ಎಲ್ಲೆಲ್ಲಿ ಹೋಗಿದೆಯೋ ಯಾರಿಗೂ ಗೊತ್ತಿರಲಿಲ್ಲ. ಅತ್ತೆಗೂ ಅದು ತಿಳಿದಿತ್ತು ಎನಿಸುತ್ತದೆ, ಕೇಳಲಿಲ್ಲ.

ಅಶ್ವಜಿತರ ತಾಯಿ ಮಂಚದ ಮೇಲೆ ಕೂತಿದ್ದರು. "ತಪ್ಪಾಯ್ತವ್ವ," ಎಂದರು. "ಕಾಲಿದ್ರ ನಾನೇ ಬಂದು ನೋಡ್ತಿದ್ದೆ."

"ನಮ್ಮ ಹುಡುಗಿನ್ನ ನಳದ ತನಕ ನಡಸಿದ್ರಲ್ಲ," ಎಂದರು ಅತ್ತೆ. "ನೀವೊಂದಿಷ್ಟು ಬಾಗಲ ತನಕ ನಡೀರಿ. ನಾನೂ ನೋಡ್ತೀನಿ."

ವಿಜಯಶ್ರೀಯ ಮುಖ ಕೆಂಪಾಯಿತು. ಮೊದಲು ನಕ್ಕವರು ಆ ಮುದುಕಿಯೇ. "ತಾರೇ ನನ್ನ ವಾಕರ್," ಎಂದು ಮಗಳಿಗೆ ಹೇಳಿ, ಎದ್ದು, ಉಸಿರು ಬಿಡುತ್ತ ಬಾಗಿಲ ತನಕ ಹೋಗಿ ತಿರುಗಿ ಬಂದರು. "ಹ್ಯಾಂಗದೀನಿ?"

"ಬರೋಬರ್ ಅದೀರಿ. ಜಡಿ ಮಾತ್ರ ಸಣ್ಣದು," ಎಂದರು ಅತ್ತೆ.

ಅಶ್ವಜಿತ ನಮ್ಮನ್ನು ಬಸ್ ಸ್ಟ್ಯಾಂಡಿನ ತನಕ ಕಳಿಸಲು ಬಂದರು. ಹಳೆಯ ಚಷ್ಮಾ ಹಾಕಿಕೊಂಡಿದ್ದರು, ಅದರ ಒಂದು ಕಾಲಿಗೆ ದಾರ ಸುತ್ತಿತ್ತು. ಬೀದರ ಬಸ್ಸು ತಡವಾಗಿತ್ತು. ಅವರು ಏನಾದರೂ ಕೇಳಬಹುದೆಂದು ನಾನು ಕಾದೆ. ಅತ್ತೆ ಬೇಕೆಂದೇ ದೂರ ಹೋಗಿ ನಿಂತಿದ್ದರು. ಅಶ್ವಜಿತ ಗಡಿಯಾರ ನೋಡಿದರು, ರಸ್ತೆ ನೋಡಿದರು, ತಮ್ಮ ತಾಯಿಯ ಮೇಲೆ ಸಿಟ್ಟಾಗಬೇಡಿ ಎಂದರು. ಬಸ್ಸು ಬಂತು.

ಮುಂದಿನ ವಾರ ಒಂದು ಮುಂಜಾನೆ, ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಗೆ ಹೋದೆ.

"ಅತ್ತಿ, ಬ್ಯಾಡ ಅಂತೀನ್ರಿ."

"ಚಷ್ಮಾದ ಸಲುವಾಗೇನು?"

"ಚಷ್ಮಾ ತಗದ ಮ್ಯಾಲೂ ಅವರು ನನ್ನ ಏನೂ ಕೇಳಲಿಲ್ರಿ."

ಅತ್ತೆ ರೊಟ್ಟಿ ತಿರುವಿ ಹಾಕಿದರು. "ಶಾಲುಬಾಯಿಗಿ ಹೇಳಿಯೇನು?"

"ಇಲ್ರಿ. ಮೊದಲು ನಿಮಗ."

"ಹಂಗಾದ್ರ ಊಟ ಮಾಡಿ ಹೇಳು. ಆಕಿ ಫೋನ್ ಹಿಡದ್ರ ಬಿಡಂಗಿಲ್ಲ."

ಊಟ ಮಾಡಿ ಮಾವಶಿಗೆ ಫೋನು ಹಚ್ಚಿದೆ.