ನೂರಾ ಹದಿನೆಂಟನೆಯ ದಿಂಡಲ

ಕಾಡು ಎಂದರೆ ಜಿಗಣೆ ಹತ್ತುವ ಕಾಡು ಮಾತ್ರ ಎಂದು ನಂಬಿದವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅರಣ್ಯ ಕಾಲೇಜಿನಲ್ಲಿ ನನ್ನ ಜೊತೆಗಿದ್ದವರೆಲ್ಲ ಪಿಎಚ್.ಡಿ.ಗೆಂದು ಘಟ್ಟದ ಹಸಿರು ಕಾಡುಗಳನ್ನು ಹಂಚಿಕೊಂಡರು. ಚಚಡಿಯಲ್ಲಿ ಹುಟ್ಟಿ ಬೆಳೆದ ನಾನು, ರಾಜೇಶ್ವರಿ, ಸವದತ್ತಿಗೂ ಉಗರಗೋಳಕ್ಕೂ ನಡುವಿನ ಒಣ ಗುಡ್ಡವನ್ನು ಕೇಳಿ ಪಡೆದೆ. "ಅಲ್ಲೇನು ಆಡು ಕಾಯ್ತೀಯಾ?" ಎಂದು ಒಬ್ಬ ನಕ್ಕ. ಎಂಟು ತಿಂಗಳು ಒಣಗಿ ನಿಂತು ಎರಡು ಮಳೆಗೆ ಚಿಗುರುವುದೂ ಉಷ್ಣವಲಯದ ಕಾಡೇ, ಒಲೆಗೆ ಕಟ್ಟಿಗೆ ಕೊಡುವುದು ನಿನ್ನ ಹಸಿರು ಕಾಡಲ್ಲ ಎಂದು ಅವನಿಗೆ ತಿಳಿಸಿ ಹೇಳಿದೆ. ತಿಳಿಸಿ ಹೇಳಿದೆ ಎನ್ನುವುದು ಸುಳ್ಳು, ಜಗಳವೇ ಆಡಿದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ.

1995ರಲ್ಲಿ ಆ ಗುಡ್ಡದ ಇನ್ನೂರಾ ಹನ್ನೆರಡು ಮರಗಳಿಗೆ ಎದೆಯೆತ್ತರದಲ್ಲಿ ಕೆಂಪು ಬಣ್ಣದಿಂದ ನಂಬರು ಬರೆದೆ. ಹೆಚ್ಚಿನವು ದಿಂಡಲ, ಉಳಿದವು ತುಗ್ಗಲಿ. ಆರು ತಿಂಗಳಿಗೊಮ್ಮೆ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುವುದು ನನ್ನ ಕೆಲಸ. ಮರ ವರ್ಷಕ್ಕೆ ಎಷ್ಟು ಬೆಳೆಯುತ್ತದೆಂದು ಗೊತ್ತಾದರೆ, ಕಾಡು ಸೊರಗದಂತೆ ಎಷ್ಟು ಕಟ್ಟಿಗೆ ತೆಗೆಯಬಹುದೆಂದು ಹೇಳಬಹುದು. ಐದು ವರ್ಷದೊಳಗೆ ಪ್ರಬಂಧ ಮುಗಿಯಬೇಕು, ಇಲ್ಲದಿದ್ದರೆ ಪದವಿ ಇಲ್ಲ. ಇದು ಕಾಲೇಜಿನ ನಿಯಮ.

1997ರ ಏಪ್ರಿಲ್‌ನಲ್ಲಿ ಐದನೆಯ ಅಳತೆಗೆಂದು ಹೋದೆ. ಗುಡ್ಡ ಹತ್ತಿ ನೋಡುತ್ತೇನೆ, ನನ್ನ ಮರಗಳಿಲ್ಲ. ನಂಬರಿಲ್ಲದ ಮರಗಳು ಎಲೆ ಉದುರಿಸಿ ನೆಟ್ಟಗೆ ನಿಂತಿವೆ. ನಂಬರು ಬರೆದವು ಮಾತ್ರ ಮೋಟುಗಳಾಗಿವೆ. ಟೇಪು ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಕುಳಿತೆ.

ಅರಣ್ಯ ಇಲಾಖೆಯ ಗಾರ್ಡ್ ಸಂಗಪ್ಪ ಹದಿನೈದು ದಿನ ಕಿತ್ತೂರಿನ ಕಡೆ ಬೆಂಕಿ ಕಾವಲಿಗೆ ಹೋಗಿದ್ದ. ಅವನೂ ಆಗಷ್ಟೇ ಬಂದು ತಲೆಯ ಮೇಲೆ ಕೈ ಹೊತ್ತ. ಕಳ್ಳರನ್ನು ಹುಡುಕಿಕೊಂಡು ಇಬ್ಬರೂ ಉಗರಗೋಳಕ್ಕೆ ಇಳಿದೆವು. ಹುಡುಕುವ ಕಷ್ಟವೇ ಬೀಳಲಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆ ಅಡಿಗೆ ಕಟ್ಟಿಗೆ ಮಾರುವ ರಾಯವ್ವ ತಾನಾಗಿಯೇ ಎದುರು ಬಂದಳು. ಅರವತ್ತು ದಾಟಿದ ಗಟ್ಟಿ ಮುದುಕಿ.

"ಬರ್ರಿ ಬಾಯಾರ. ನಿಮ್ಮ ಹಾದೀನ ಕಾಯಾಕತ್ತಿದ್ವಿ. ನೀವು ನಂಬರ್ ಹಾಕಿದ್ದು ಒಂದೂ ಬಿಡದಂಗ ಕಡದೇವ್ರಿ. ಹಾಕದ ಗಿಡಕ್ಕ ಕೈ ಸೈತ ಹಚ್ಚಿಲ್ಲ."

"ಕಡೀರಿ ಅಂತ ಯಾರು ಹೇಳಿದ್ರು?" ಎಂದು ಕೂಗಿದೆ.

"ಯಾರ ಹೇಳಬೇಕ್ರಿ? ಕೆಂಪು ನಂಬರ್ ಅಂದ್ರ ಕಡೀರಿ ಅಂತನ ಅಲ್ಲೇನ್ರಿ? ನಮ್ಮತ್ತಿ ಕಾಲದಿಂದ ಹಂಗ ಐತಿ. ಸಾಹೇಬ್ರು ನಂಬರ್ ಹಾಕ್ತಿದ್ರು, ನಾವು ಕಡೀತಿದ್ವಿ. ನಂಬರ್ ಇಲ್ಲದ್ದನ್ನ ಕಡದ್ರ ದಂಡ, ನಂಬರ್ ಇದ್ದದ್ದನ್ನ ಬಿಟ್ರೂ ದಂಡ. ಎರಡು ವರ್ಷ ಆತು, ಬಾಯಾರು ಬರ್ತಾರ, ಗಿಡಾ ತಬ್ಬಿ ನೋಡ್ತಾರ, ಹೋಗ್ತಾರ. ಸಿಟ್ಟಾಗ್ಯಾರ ಅಂತ ತಿಳಿದು ಲಗೂನ ಮುಗಿಸಿದ್ವಿ."

ನಾನು ಬೈದೆ. ಬೈಯಬಾರದ್ದನ್ನೂ ಬೈದೆ. ಅವಳ ಜೊತೆಗಾರ್ತಿ ಬಾಯವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ರಾಯವ್ವ ಅಳಲಿಲ್ಲ. ಒಳಗೆ ಹೋಗಿ ಏಳು ಅರಿವೆಯ ಗಂಟುಗಳನ್ನು ತಂದು ನನ್ನ ಮುಂದೆ ಸುರಿದಳು.

"ನಾವು ಕಳ್ಳರಲ್ರಿ. ನೋಡ್ಕೋರಿ."

ಗಂಟುಗಳ ತುಂಬ ಕೆಂಪು ನಂಬರಿನ ಚಕ್ಕೆಗಳು! ಹಿಂದಿನ ಕಾಲದಲ್ಲಿ ಮರ ಕಡಿದವರು ನಂಬರು ಇದ್ದ ತೊಗಟೆಯನ್ನು ಕೆತ್ತಿ ತಂದು ಗಾರ್ಡಿಗೆ ತೋರಿಸಬೇಕಿತ್ತಂತೆ. ಯಾರು ಎಷ್ಟು ಕಡಿದರೆಂದು ತಿಳಿಯಲು ಒಬ್ಬೊಬ್ಬರದೂ ಬೇರೆ ಬೇರೆ ಗಂಟು. ಗಾರ್ಡ್ ಕೇಳುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಇವರು ಕೆತ್ತಿಡುವುದನ್ನು ಬಿಟ್ಟಿರಲಿಲ್ಲ.

ಆ ಚಕ್ಕೆಗಳಿಗೆ ಏನು ಬೆಲೆಯೆಂದು ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ನನ್ನ ಮಾರ್ಗದರ್ಶಕರಾದ ಸಿದ್ಧಾರೂಢ ಸರ್‌ಗೆ. ಬೈಲಹೊಂಗಲದವರಾದ ಸರ್ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನಾನು ಅರ್ಧ ತಾಸು ಅತ್ತ ಮೇಲೆ ಕೇಳಿದರು: "ಮೋಟು ಸತ್ತಾವೇನು?"

"ಇಲ್ಲ ಸರ್."

"ಮತ್ತ ನೀ ಯಾಕ ಸಾಯಾಕತ್ತೀ? ಕಡದ ಮ್ಯಾಲ ಹೆಂಗ ಚಿಗೀತಾವ ಅದನ್ನ ಅಳತಿ ಮಾಡು."

ಸಲಹಾ ಸಮಿತಿ ಒಂದು ಷರತ್ತು ಹಾಕಿ ಒಪ್ಪಿತು. ಯಾವ ಮೋಟು ಯಾವ ನಂಬರಿನ ಮರದ್ದು ಎಂದು ಗುರುತಿಸಿದರೆ ಹಳೆಯ ಎರಡು ವರ್ಷದ ಅಳತೆ ಉಳಿಯುತ್ತದೆ, ವಿಷಯ ಬದಲಿಸಬಹುದು. ಗುರುತು ಸಿಗದಿದ್ದರೆ ಎಲ್ಲ ಮೊದಲಿನಿಂದ, ಅಂದರೆ ಪದವಿಯ ಆಸೆ ಬಿಟ್ಟಂತೆಯೇ.

ಬೈದ ಬಾಯಿಂದಲೇ ರಾಯವ್ವನ ಮುಂದೆ ಬೇಡಿಕೊಳ್ಳಬೇಕಾಯಿತು. "ಆಯಿ, ತಪ್ಪಾತು" ಎಂದೆ.

"ಆತು ತಗೋ. ಸಿಟ್ಟು ಬಂದಾಗ ನಾನೂ ಎಮ್ಮೀನ ಬೈತೇನಿ" ಎಂದಳು. ಬಾಯಾರ ಹೋಗಿ ನಾನು ಅವಳಿಗೆ ತಂಗಿಯಾದದ್ದು ಅವತ್ತಿನಿಂದ.

ಮರುದಿನ ಮರ ಕಡಿದ ಏಳೂ ಜನ ತಮ್ಮ ತಮ್ಮ ಗಂಟು ಹೊತ್ತು ಗುಡ್ಡ ಹತ್ತಿದರು. ಇದು ನಾ ಕಡದದ್ದು, ಈ ಹುತ್ತದ ಮಗ್ಗಲದ್ದು ಬಾಯವ್ವಂದು, ಇಲ್ಲಿ ನನಗ ಮುಳ್ಳು ಚುಚ್ಚಿತ್ತು ಎನ್ನುತ್ತ ಒಂದೊಂದು ಮೋಟಿನ ಮೇಲೆ ಒಂದೊಂದು ಚಕ್ಕೆ ಇಡುತ್ತ ಹೋದರು. ನಾನು ಹಿಂದಿನಿಂದ ಮೋಟಿನ ದಪ್ಪವನ್ನು ನನ್ನ ರಿಜಿಸ್ಟರಿಗೆ ತಾಳೆ ಹಾಕುತ್ತ ನಡೆದೆ. ಒಂದೂ ತಪ್ಪಲಿಲ್ಲ. ಸಂಜೆಯ ಹೊತ್ತಿಗೆ ಇನ್ನೂರಾ ಹನ್ನೊಂದು ಆಗಿದ್ದವು.

ನೂರಾ ಹದಿನೆಂಟು ಮಾತ್ರ ಸಿಗಲಿಲ್ಲ. ಚಕ್ಕೆಯೂ ಇಲ್ಲ, ಮೋಟೂ ಇಲ್ಲ. ರಾಯವ್ವನನ್ನು ಕೇಳಿದೆ. ಅವಳು ಸಂಗಪ್ಪನ ಖಾಕಿ ಅಂಗಿಯ ಕಡೆಗೊಮ್ಮೆ ನೋಡಿ, "ನಮಗೇನು ಗೊತ್ತಿಲ್ರಿ" ಎಂದು ಕುಡಗೋಲು ಎತ್ತಿಕೊಂಡು ಹೊರಟೇಬಿಟ್ಟಳು. ಸಿಕ್ಕಿಲ್ಲ ಅಂತ ಬರಿ, ಮುಚ್ಚಿಡಬೇಡ ಎಂದರು ಸರ್. ಹಾಗೆಯೇ ಬರೆದೆ.

ಆಮೇಲಿನ ಎರಡು ಮಳೆಗಾಲ ನನ್ನ ನಿಜವಾದ ಕಾಲೇಜು. ರಾಯವ್ವ ನೆಲದಿಂದ ಒಂದು ಗೇಣು ಬಿಟ್ಟು, ನೀರು ನಿಲ್ಲದಂತೆ ಓರೆಯಾಗಿ, ತೊಗಟೆ ಸೀಳದಂತೆ ಕಡಿದಿದ್ದಳು. ಬಾಯವ್ವನಿಗೆ ನಡು ನೋವು, ಬಗ್ಗಲಾಗದು. ಅವಳವೆಲ್ಲ ಮೊಣಕಾಲೆತ್ತರದ ಮೋಟುಗಳು. ಒಂದೇ ಗುಡ್ಡ, ಒಂದೇ ಮಳೆ, ಎರಡು ಬಗೆಯ ಕಡಿತ! ನಾನು ಬೇಕೆಂದು ಯೋಜನೆ ಹಾಕಿದ್ದರೂ ಇಷ್ಟು ಚೆಂದದ ಪ್ರಯೋಗವಾಗುತ್ತಿರಲಿಲ್ಲ. ಬಾಯವ್ವನ ಮೋಟುಗಳಿಂದ ಚಿಗುರು ಗುಂಪಾಗಿ ಎದ್ದು ಗಾಳಿಗೆ ಸೀಳಿ ಬಿದ್ದವು. ರಾಯವ್ವನವು ಬುಡದಿಂದಲೇ ಎದ್ದು ಎರಡನೆಯ ಮಳೆಗಾಲಕ್ಕೆ ನನ್ನೆತ್ತರ ಮೀರಿದವು. ಅವಳು ಮೊದಲ ಮಳೆಯಾದ ಮೇಲೆ ಒಂದು ಮೋಟಿಗೆ ಎರಡೇ ಚಿಗುರು ಉಳಿಸಿ ಮಿಕ್ಕದ್ದನ್ನು ಸವರುತ್ತಿದ್ದಳು.

"ಎಲ್ಲಾನೂ ಸಾಕಾಕ ಹೋದ್ರ ಒಂದೂ ಉದ್ಧಾರ ಆಗೂದಿಲ್ಲ ತಂಗಿ" ಎನ್ನುವಳು.

"ನನ್ನ ನಡಾ ನೋವಿನಿಂದ ನಿನಗ ಡಾಕ್ಟರ್ ಪದವಿ ಬರತೈತಿ, ಮರೀಬ್ಯಾಡ" ಎಂದು ಬಾಯವ್ವ ಕಾಡುವಳು. ಬಂಡೆಯ ಪಕ್ಕದಲ್ಲಿ ಒಂದು ದೊಡ್ಡ ದಿಂಡಲ ಮರವಿತ್ತು. ಬೊಡ್ಡೆಗೆಲ್ಲ ಗೆದ್ದಲು ಮಣ್ಣು ಮೆತ್ತಿತ್ತು, ಬುಡದ ಆಚೆ ಯಾರೋ ಬಾರಿ ಗಿಡದ ಮುಳ್ಳು ಒಟ್ಟಿದ್ದರು. ಅದರ ನೆರಳಿನಲ್ಲಿ ಕುಳಿತು ಎಲ್ಲರೂ ರೊಟ್ಟಿ ತಿನ್ನುತ್ತಿದ್ದೆವು.

1999ರ ಸೆಪ್ಟೆಂಬರಿನಲ್ಲಿ ಪುಣೆಯಿಂದ ಮರಾಠಿ ಮಾತಿನ ಪರೀಕ್ಷಕರು ಬಂದರು. ಕೋಣೆಯಲ್ಲಿ ಕೇಳುವುದು ಬೇಡ, ಗುಡ್ಡದಲ್ಲೇ ಕೇಳುತ್ತೇನೆ ಎಂದರು. ಗಂಟು ಬಿಚ್ಚಿಸಿ ಕಣ್ಣು ಮುಚ್ಚಿ ಒಂದು ಚಕ್ಕೆ ಎತ್ತಿದರು, ಎಪ್ಪತ್ತಮೂರು. ಬಾಯವ್ವ ನೇರವಾಗಿ ಅದರ ಮೋಟಿನ ಹತ್ತಿರ ಕರೆದೊಯ್ದಳು. ಅಳೆದರು, ರಿಜಿಸ್ಟರ್ ನೋಡಿದರು, ಸರಿಯಾಗಿತ್ತು. ಹೀಗೆ ಹನ್ನೆರಡು ಸಲ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಗ ಅವರು ಪ್ರಬಂಧದ ಒಂದು ಪುಟ ತೆರೆದು ಬೆರಳಿಟ್ಟರು.

"ನೂರಾ ಹದಿನೆಂಟು ಸಿಕ್ಕಿಲ್ಲ ಅಂತ ಬರೆದಿದ್ದೀರಿ. ಒಂದು ಇಡೀ ಮರ ಎಲ್ಲಿ ಹೋಯಿತೆಂದು ನಿಮಗೆ ಗೊತ್ತಿಲ್ಲ. ಅಂದಮೇಲೆ ಮಿಕ್ಕವು ಅದಲುಬದಲಾಗಿಲ್ಲ ಎಂದು ನಾನು ಹೇಗೆ ನಂಬಲಿ?"

ನಾನು ರಿಜಿಸ್ಟರಿನ ಹಾಳೆ ತಿರುವಿದೆ. ಸರ್ ನೆಲ ನೋಡಿದರು. ನಾಲ್ಕೂವರೆ ವರ್ಷ ಅಲ್ಲೇ ಮುಗಿದವೆಂದುಕೊಂಡೆ, ಕಣ್ಣು ತುಂಬಿ ಬಂದವು.

ರಾಯವ್ವ ನನ್ನ ಮುಖ ನೋಡಿದಳು. ಸಂಗಪ್ಪನ ಮುಖ ನೋಡಿದಳು. ಆಮೇಲೆ ಮುಂದೆ ಬಂದು ಪರೀಕ್ಷಕರ ಹತ್ತಿರ ಮರಾಠಿಯಲ್ಲಿ ಮಾತಾಡತೊಡಗಿದಳು. ಮಹಾರಾಷ್ಟ್ರದ ಭಕ್ತರಿಗೆ ನಲವತ್ತು ವರ್ಷ ಕಟ್ಟಿಗೆ ಮಾರಿದವಳಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಈ ಹುಡುಗಿಯ ತಪ್ಪಿಲ್ಲ, ದಂಡ ಹಾಕುವುದಿದ್ದರೆ ನನಗೆ ಹಾಕಿರಿ ಎಂದಳು. ತಂಬಿಗೆ ನೀರು ತೆಗೆದುಕೊಂಡು ಬಂಡೆಯ ಪಕ್ಕದ ದಿಂಡಲದ ಹತ್ತಿರ ಹೋದಳು. ಬೊಡ್ಡೆಯ ಮೇಲಿನ ಮಣ್ಣಿಗೆ ನೀರು ಸುರಿದು ಸೆರಗಿನಿಂದ ತಿಕ್ಕಿದಳು. ಕೆಂಪು ಬಣ್ಣದಲ್ಲಿ, ನನ್ನದೇ ಸೊಟ್ಟ ಅಕ್ಷರದಲ್ಲಿ, 118 ಎದ್ದು ಕಂಡಿತು.

"ಆಯೀ!" ಎಂದು ಚೀರಿದೆ.

"ಬೀಜಕ್ಕಂತ ಬಿಟ್ಟೇನಿ ತಂಗಿ. ಹೊಲಾ ಕೊಯ್ದಾಗ ಚಲೋ ತೆನಿ ಬೀಜಕ್ಕ ಬಿಡೂದಿಲ್ಲೇನು? ಎಲ್ಲಾನೂ ಕಡದ್ರ ಹಿಂದ ಬರವ್ರಿಗೆ ಏನೈತಿ? ಆದ್ರ ನಂಬರ್ ಇದ್ದದ್ದನ್ನ ಬಿಟ್ರ ದಂಡ. ಅದಕ್ಕ ಸಗಣಿ, ಮಣ್ಣು ಕಲಿಸಿ ನಂಬರ್ ಮುಚ್ಚಿದೆ. ಮಳಿ ಆದಾಗೊಮ್ಮೆ ಮತ್ತ ಬಳೀತಿದ್ದೆ."

ಅರಣ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವ ನಾನು, ನಾಲ್ಕು ಸಲ ಟೇಪು ಸುತ್ತಿದ ಮರವನ್ನೇ ಗುರುತಿಸದೆ, ಆ ಸಗಣಿಯನ್ನು ಗೆದ್ದಲು ಮಣ್ಣೆಂದು ಎರಡು ವರ್ಷ ನಂಬಿದ್ದೆ! ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದೆ. ರಾಯವ್ವ ಇನ್ನೂ ಮುಗಿಸಿರಲಿಲ್ಲ. ಬುಡದ ಆಚೆಗಿದ್ದ ಬಾರಿ ಮುಳ್ಳನ್ನು ಕುಡಗೋಲಿನಿಂದ ಸರಿಸಿದಳು. ಆಡು ಬಾಯಿ ಹಾಕದಂತೆ ಮುಚ್ಚಿದ್ದ ಆ ಜಾಗದಲ್ಲಿ ಗೇಣೆತ್ತರದ ದಿಂಡಲದ ಸಸಿಗಳಿದ್ದವು. ದಿಂಡಲದ ಬೀಜ ಸಾವಿರಕ್ಕೊಂದು ಮೊಳೆತರೆ ಪುಣ್ಯ. ನರ್ಸರಿಯಲ್ಲಿ ನಮ್ಮ ಕಾಲೇಜು ಎಬ್ಬಿಸಲಾಗದ ಸಸಿಗಳನ್ನು ಪರೀಕ್ಷಕರು ಮೊಣಕಾಲೂರಿ ಎಣಿಸಿದರು. ಹತ್ತೊಂಬತ್ತು.

ಎದ್ದು ನಿಂತು ಅವರು ಟೇಪು ಕೇಳಿದರು. ತಾವೇ ಮರಕ್ಕೆ ಸುತ್ತಿ ಅಳೆದರು. ಆಮೇಲೆ ಸಿದ್ಧಾರೂಢ ಸರ್ ಕೈ ಹಿಡಿದು, "ಹೋಲಿಸಿ ನೋಡಲು, ಮೊದಲೇ ಅಳತೆಯಿದ್ದು ಕಡಿಯದೆ ಉಳಿದ ಒಂದು ಮರ ಇಲ್ಲ ಅನ್ನುವುದೇ ಈ ಪ್ರಬಂಧದ ಕೊರತೆಯಾಗಿತ್ತು. ಈಗ ಅದೂ ಇಲ್ಲ. ನನ್ನ ಪ್ರಶ್ನೆಗಳು ಮುಗಿದವು" ಎಂದರು. ನಾನು ರಾಯವ್ವನನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ಬಾಯವ್ವ ನಡು ನೋವು ಮರೆತು ಕುಣಿದಳು. ದಿನಕ್ಕೆ ಹತ್ತು ಮಾತಿನ ಸರ್ ಸವದತ್ತಿ ಮುಟ್ಟುವ ತನಕ ಜೀಪಿನಲ್ಲಿ ಬಾಯಿ ಮುಚ್ಚಲಿಲ್ಲ.

"ದಂಡ ಎಷ್ಟ್ರಿ?" ಎಂದು ರಾಯವ್ವ ಸಂಗಪ್ಪನನ್ನು ಕೇಳಿದ್ದಳು. ಸಂಗಪ್ಪ ಟೊಪ್ಪಿಗೆ ತೆಗೆದು ಕೈ ಮುಗಿದಿದ್ದ.

2001ರಿಂದ ಪ್ರತಿ ವರ್ಷ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳು ಹತ್ತು ದಿನದ ತರಬೇತಿಗೆಂದು ನಮ್ಮ ಒಣ ಗುಡ್ಡಕ್ಕೇ ಬರುತ್ತಾರೆ. 'ಆಡು ಕಾಯ್ತೀಯಾ' ಎಂದು ನಕ್ಕವನೂ ತನ್ನ ವಿದ್ಯಾರ್ಥಿಗಳನ್ನು ಕರೆತಂದ. ಮೊದಲ ಪಾಠ ರಾಯವ್ವನದು. ಕುಡಗೋಲು ಕೈಗೆ ಕೊಡುವ ಮೊದಲು ಅವಳು ಎಲ್ಲರನ್ನೂ ಕೇಳುವುದು ಒಂದೇ ಪ್ರಶ್ನೆ: "ಯಾವುದನ್ನ ಬಿಡ್ತೀ, ಮೊದಲು ಅದನ್ನ ತೋರಸು."

ಪರೀಕ್ಷೆ ಮುಗಿದ ಆ ಸಂಜೆ ನಾನು ರಿಜಿಸ್ಟರ್ ತೆರೆದು ನೂರಾ ಹದಿನೆಂಟರ ಮುಂದಿದ್ದ 'ಸಿಕ್ಕಿಲ್ಲ' ಎಂಬ ಮಾತನ್ನು ಹೊಡೆದು ಹಾಕಿದ್ದೆ. ಅದರ ಪಕ್ಕ ಹೀಗೆ ಬರೆದಿದ್ದೇನೆ: ಜೀವಂತವಿದೆ. ಉಳಿಸಿದವರು, ರಾಯವ್ವ, ಉಗರಗೋಳ.